ತಂತ್ರಾಂಶ ರಚನೆಯ ಜಲಪಾತ ಕ್ರಮ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಕುಳಿತಿರುವ ಮಕ್ಕಳಲ್ಲಿ ಅನೇಕರು ಮುಂದೆ ಗಣಕಯಂತ್ರದ ಉದ್ಯೋಗವನ್ನು ಅರಸಿ ಹೋಗತಕ್ಕವರು. ಆ ವಿದ್ಯೆಯ ಪುಸ್ತಕಗಳಲ್ಲಿ ಮೊದಮೊದಲಿಗೇ ಎದುರಾಗುವ 'ಜಲಪಾತ ಕ್ರಮ'ದ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಲು ಅಪ್ಪಣೆಯಾಗಬೇಕು.

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲರಿಯದು. ಅದಕ್ಕೆ ನಾವು ಬರೆದುಕೊಡುವ ಆಜ್ಞೆಗಳ ಸಮೂಹವೇ ತಂತ್ರಾಂಶ, ಎಂದರೆ ಸಾಫ್ಟ್‌ವೇರ್. ಅದು ಹತ್ತಿಪ್ಪತ್ತು ಸಾಲಿನದಾದರೆ ಒಬ್ಬನೇ ಕುಳಿತು ಬರೆದುಬಿಡಬಹುದು. ನೂರಾರು ಮಂದಿ ವರ್ಷಗಟ್ಟಲೆ ಬರೆಯಬೇಕಾದಾಗ ಒಂದು ಕ್ರಮವಿಲ್ಲದೆ ಸಾಗದು. ಅಮೆರಿಕದ 'ಸೇಜ್' ಎಂಬ ವಾಯುರಕ್ಷಣಾ ವ್ಯವಸ್ಥೆಗೆ ತಂತ್ರಾಂಶ ರಚಿಸಿದ ಬಗೆಯನ್ನು ಹರ್ಬರ್ಟ್ ಬೆನಿಂಗ್ಟನ್ ಎಂಬವರು 1956ರಲ್ಲಿಯೇ ಹಂತಹಂತವಾಗಿ ವಿವರಿಸಿದ್ದರು.

ನಮ್ಮಂಥ ಗಡಿನಾಡಿನ ಶಾಲೆಗೆ ಅಂಕಪಟ್ಟಿಯ ತಂತ್ರಾಂಶವೊಂದು ಬೇಕಾಗಿದೆಯೆಂದಿಟ್ಟುಕೊಳ್ಳಿ. ಏನೇನು ಬೇಕೆಂಬುದನ್ನು ಮೊದಲು ಕೇಳಿ ಬರೆದಿಡಬೇಕು. ಅನಂತರ ವಿಶ್ಲೇಷಣೆ, ವಿನ್ಯಾಸ, ಆಜ್ಞೆಗಳ ಬರವಣಿಗೆ, ಪರೀಕ್ಷೆ, ಕಡೆಗೆ ಬಳಕೆ. ಒಂದು ಹಂತ ಮುಗಿದ ಮೇಲೆಯೇ ಮುಂದಿನದು. ಕೆಳಗಿಳಿದ ನೀರು ಮೇಲೇರದು. ವಿದ್ಯಾರ್ಥಿಯ ಹೆಸರು ಕನ್ನಡ ಲಿಪಿಯಲ್ಲಿಯೂ ಅಚ್ಚಾಗಬೇಕೆಂಬುದನ್ನು ಮೊದಲ ಹಂತದಲ್ಲಿ ಯಾರೂ ಹೇಳದೆ ಹೋದರೆ? ವಿನ್ಯಾಸಕಾರನು ಒಂದೇ ಲಿಪಿಗೆ ಎಡೆಯಿಟ್ಟಿರುತ್ತಾನೆ, ಬರೆಯುವವನು ಹಾಗೆಯೇ ಬರೆದಿರುತ್ತಾನೆ. ಲೋಪವು ಬೆಳಕಿಗೆ ಬರುವುದು ಪರೀಕ್ಷೆಯಲ್ಲಿ, ಎಂದರೆ ಹಣವೂ ಕಾಲವೂ ವ್ಯಯವಾದ ಮೇಲೆ. ಆಗ ಒಂದೆರಡು ಸಾಲು ತಿದ್ದಿದರೆ ಸಾಲದು, ವಿನ್ಯಾಸವನ್ನೇ ಕೆದಕಬೇಕು. 'ಇನ್ನು ಸಾಧ್ಯವಿಲ್ಲ' ಎಂದುಬಿಟ್ಟರೆ ಮಗುವಿನ ಹೆಸರು ತಾಯ್ನುಡಿಯಲ್ಲಿ ಬಾರದೆಯೇ ಹೋದೀತು.

ಈ ಅಪಾಯವನ್ನು ಮೊದಲೇ ಕಂಡು ಹೇಳಿದವರು ವಿನ್‌ಸ್ಟನ್ ರಾಯ್ಸ್. 1970ರ ತಮ್ಮ ಪ್ರಬಂಧದಲ್ಲಿ ಅವರು ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಈ ಹಂತಗಳ ಚಿತ್ರವನ್ನು ಬರೆದರು. ವಿನೋದವೆಂದರೆ, 'ಜಲಪಾತ'ವೆಂಬ ಶಬ್ದ ಆ ಪ್ರಬಂಧದಲ್ಲಿಲ್ಲ, ಹೆಸರಿಟ್ಟವರು ಇತರರು. ಕ್ರಮದಲ್ಲಿ ತಮಗೆ ನಂಬಿಕೆಯುಂಟು, ಆದರೆ ಇಷ್ಟನ್ನೇ ನೆಚ್ಚಿದರೆ ಸೋಲನ್ನು ಕರೆದಂತೆ ಎಂಬುದು ಅವರ ಅಭಿಪ್ರಾಯ. ಚಿತ್ರವನ್ನು ನೋಡಿದವರು ಬಹಳ, ಮುಂದಿನ ಪುಟಗಳನ್ನು ಓದಿದವರು ಕಡಮೆ ಎಂದೇ ತೋರುತ್ತದೆ.

ಆ ಪುಟಗಳಲ್ಲಿ ಅವರು ಪರಿಹಾರಗಳನ್ನೂ ಸೂಚಿಸಿದ್ದಾರೆ. ಐವತ್ತು ಲಕ್ಷ ಡಾಲರಿನ ಯಂತ್ರಕ್ಕೆ 30 ಪುಟಗಳ ವಿವರಣೆ ಸಾಕಾದರೆ, ಅಷ್ಟೇ ಬೆಲೆಯ ತಂತ್ರಾಂಶಕ್ಕೆ 1500 ಪುಟಗಳು ಬೇಕೆಂದರು. 30 ತಿಂಗಳ ಕೆಲಸವಾದರೆ ಮೊದಲು 10 ತಿಂಗಳಲ್ಲಿ ಚಿಕ್ಕ ಮಾದರಿಯೊಂದನ್ನು ಮಾಡಿ ನೋಡಿರೆಂದರು. ನಮ್ಮ ಅಡಿಗೆಯವರು ಒಬ್ಬಟ್ಟಿನ ಹೂರಣದ ಹದ ನೋಡುವುದೂ ಇಂಥದೇ ಅಲ್ಲವೇ! 2001ರಲ್ಲಿ 17 ಮಂದಿ ತಜ್ಞರು ಕೂಡಿ ಸಾರಿದ 'ಅಜೈಲ್' ಪದ್ಧತಿಯು, ಚಿಕ್ಕಚಿಕ್ಕ ಭಾಗಗಳಾಗಿ ಮಾಡಿ ಆಗಾಗ ತೋರಿಸುವುದನ್ನೇ ಮುಖ್ಯ ಮಾಡಿಕೊಂಡಿತು.

ಬಳಸುವವರನ್ನು ಕಡೆಯವರೆಗೂ ಕಾಯಿಸದೆ ನಡುವೆಯೇ ಕರೆದು ತೋರಿಸಿ ಒಪ್ಪಿಗೆ ಪಡೆಯಬೇಕೆಂಬುದೂ ರಾಯ್ಸರ ಸೂಚನೆಗಳಲ್ಲಿ ಒಂದು. ನಮ್ಮ ದೃಷ್ಟಾಂತದಲ್ಲಿ ಆ ಬಳಸುವವರೆಂದರೆ ಮುಖ್ಯೋಪಾಧ್ಯಾಯರು. ಮಾದರಿಯ ಅಂಕಪಟ್ಟಿಯೊಂದು ಅವರ ಮೇಜಿನ ಮೇಲೆ ಬಂದಿದ್ದರೆ, ಕನ್ನಡದ ಹೆಸರಿಗೆ ಎಡೆಯಿಲ್ಲದ್ದು ಆ ದಿನವೇ ಅವರ ಕಣ್ಣಿಗೆ ಬೀಳುತ್ತಿತ್ತು.