ಸಿಸೇರಿಯನ್ ಅನಂತರದ ತಲೆನೋವು



ಮನೆಯಲ್ಲಿ ಅಕ್ಕನಿಗೋ ಅತ್ತಿಗೆಗೋ ಸಿಸೇರಿಯನ್ ಹೆರಿಗೆಯಾಗಿದ್ದರೆ ಈ ಮಾತನ್ನು ನೀವು ಕೇಳಿರಬಹುದು: "ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ದಿಂಬು ಇಡಬೇಡಿ, ತಲೆನೋವು ಬರುತ್ತೆ." ಇದರಲ್ಲಿ ಅರ್ಧ ನಿಜವಿದೆ. ತಲೆನೋವು ಬರುವುದುಂಟು. ಆದರೆ ಅಂಗಾತ ಮಲಗಿಸಿದ ಮಾತ್ರಕ್ಕೆ ಅದನ್ನು ತಡೆಯಲಾಗದೆಂದು ಅಧ್ಯಯನಗಳು ತೋರಿಸಿವೆ. ಹಾಗಾದರೆ ತಡೆಯುವುದು ಹೇಗೆ?

ನಮ್ಮ ಮಿದುಳು ಮತ್ತು ಮಿದುಳುಬಳ್ಳಿಯ ಸುತ್ತ ತಿಳಿನೀರಿನಂಥ ದ್ರವವಿದೆ. ವಯಸ್ಕರಲ್ಲಿ ಸುಮಾರು 150 ಮಿಲಿಲೀಟರ್. ಅದರ ಹೊರಗಿನ ಗಟ್ಟಿ ಪೊರೆಯೇ ಡ್ಯೂರಾ. ಸ್ಪೈನಲ್ ಅರಿವಳಿಕೆಯಲ್ಲಿ ಸೂಜಿ ಈ ಪೊರೆಯನ್ನು ದಾಟಿ ದ್ರವದೊಳಕ್ಕೇ ಮದ್ದು ಸೇರಿಸುತ್ತದೆ. ಎಪಿಡ್ಯೂರಲ್‌ನಲ್ಲಿ ಸೂಜಿ ಪೊರೆಯ ಹೊರಗೇ ನಿಲ್ಲಬೇಕು. ಅದರ ಮೂಲಕ ಸಣ್ಣ ಕೊಳವೆ ತೂರಿಸಬೇಕಾದ್ದರಿಂದ ಸೂಜಿ ದಪ್ಪ. ಸುಮಾರು ನೂರರಲ್ಲಿ ಒಬ್ಬರಿಗೆ ಅದು ಆಕಸ್ಮಿಕವಾಗಿ ಪೊರೆಯನ್ನು ಚುಚ್ಚಿಬಿಡುತ್ತದೆ. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಲೆನೋವು ಬರುತ್ತದೆ. ತೂತಿನಿಂದ ದ್ರವ ಸೋರಿ ಒತ್ತಡ ಕಡಿಮೆಯಾಗುವುದೇ ಕಾರಣ. ಎದ್ದು ಕುಳಿತರೆ ನೋವು, ಮಲಗಿದರೆ ಉಪಶಮನ. ಇದೇ ಇದರ ಗುರುತು.

ಈ ಗುರುತನ್ನು ಮೊದಲು ವಿವರಿಸಿದವರಲ್ಲಿ ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಒಬ್ಬ. 1898ರಲ್ಲಿ ಆತ ಸಹಾಯಕನಿಂದ ತನ್ನ ಬೆನ್ನಿಗೇ ಚುಚ್ಚಿಸಿಕೊಂಡ. ಸಿರಿಂಜು ಸೂಜಿಗೆ ಸರಿಯಾಗಿ ಕೂರದೆ ದ್ರವ ಸಾಕಷ್ಟು ಸೋರಿಹೋಯಿತು. ಮುಂದೆ ಒಂಬತ್ತು ದಿನ ಆತ ಹಾಸಿಗೆ ಹಿಡಿಯಬೇಕಾಯಿತು!

ಅಂದಿನ ಸೂಜಿಗಳು ದಪ್ಪ. ಇಂದು ಸ್ಪೈನಲ್‌ಗೆ 25ರಿಂದ 27 ಗೇಜಿನ ಸೂಜಿ ಬಳಸುತ್ತಾರೆ. ಗೇಜ್ ಸಂಖ್ಯೆ ಏರಿದಷ್ಟೂ ಸೂಜಿ ಸಣ್ಣ. 25 ಗೇಜ್ ಎಂದರೆ ಅರ್ಧ ಮಿಲಿಮೀಟರ್ ಮಾತ್ರ. ಮೊನೆಯ ಆಕಾರವೂ ಮುಖ್ಯ. 1951ರಲ್ಲಿ ಹಾರ್ಟ್ ಮತ್ತು ವಿಟೇಕರ್ ಪೆನ್ಸಿಲ್ ಮೊನೆಯಂಥ ಸೂಜಿಯನ್ನು ಪರಿಚಯಿಸಿದರು. ಕತ್ತರಿಸುವ ಮೊನೆಗಿಂತ ಇದರಿಂದ ತಲೆನೋವು ಬಹಳ ಕಡಿಮೆ. ಎಪಿಡ್ಯೂರಲ್‌ನಲ್ಲಿ ಸೂಜಿಯನ್ನು ಅಷ್ಟು ಸಣ್ಣದು ಮಾಡಲಾಗದು. ಅಲ್ಲಿ ಪಳಗಿದ ಕೈಯೇ ಆಧಾರ. ತಾಯಿಯೂ ಬೆನ್ನು ಬಾಗಿಸಿ ಅಲುಗದೆ ಇರಬೇಕು. ಹೆರಿಗೆ ನೋವಿನ ನಡುವೆ ಇದೇನು ಸುಲಭವಲ್ಲ. ಹಾಗಾಗಿ ಅರಿವಳಿಕೆ ತಜ್ಞರು ನೋವಿನ ಒಂದು ಅಲೆ ಇಳಿಯುವವರೆಗೆ ಕಾಯುತ್ತಾರೆ.

ಇಷ್ಟಾಗಿಯೂ ತಲೆನೋವು ಬಂದರೆ? ನೋವು ನಿವಾರಕ, ವಿಶ್ರಾಂತಿ, ಸಾಕಷ್ಟು ನೀರು. ಬಗ್ಗದಿದ್ದರೆ ರಕ್ತದ ತೇಪೆ! 1960ರಲ್ಲಿ ಅಮೆರಿಕದ ಜೇಮ್ಸ್ ಗಾರ್ಮ್ಲಿ ವರದಿ ಮಾಡಿದ ಉಪಾಯವಿದು. ತಾಯಿಯ ತೋಳಿನಿಂದಲೇ ಸುಮಾರು 20 ಮಿಲಿಲೀಟರ್ ರಕ್ತ ತೆಗೆದು ಪೊರೆಯ ಹೊರಗೆ ಸೇರಿಸುತ್ತಾರೆ. ಅದು ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ಹಲವರಿಗೆ ಕೆಲವೇ ಗಂಟೆಗಳಲ್ಲಿ ಹಾಯೆನಿಸುತ್ತದೆ. ಕೆಲವರಿಗೆ ಎರಡನೆಯ ಸಲವೂ ಬೇಕಾಗಬಹುದು.

ನಮ್ಮ ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನೇ ಅಳೆದು ಕೊಡುತ್ತಾರೆ. ಇದು ಸಲ್ಲದು. ಮೈಯಲ್ಲಿ ನೀರಿನಂಶ ಕುಗ್ಗಿದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಅದರ ಮೊದಲ ಸೂಚನೆಯೂ ತಲೆನೋವೇ ಆಗಿರಬಹುದು. ರಕ್ತದೊತ್ತಡ ಏರಿದಾಗಲೂ ಹಾಗೆಯೇ. ಬಾಣಂತಿಗೆ ತಲೆನೋವಿನ ಜೊತೆ ಜ್ವರ, ಕಣ್ಣು ಮಂಜು, ಫಿಟ್ಸ್, ಕೈಕಾಲು ಬಲಹೀನತೆ ಕಂಡರೆ, ಅಥವಾ ಮಲಗಿದರೂ ನೋವು ತಗ್ಗದಿದ್ದರೆ, ಶೀತವೆಂದು ತಲೆಗೆ ಬಟ್ಟೆ ಕಟ್ಟಿ ಕೂರಿಸಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನಿಗೆ ಇಂಜೆಕ್ಷನ್ ಆಗಿತ್ತೆಂಬುದನ್ನೂ ಅಲ್ಲಿ ತಿಳಿಸಿ.