ಬಹುಮಾನದ ಆಸೆಗೆ ಕಲಿತ ಕನ್ನಡ ಎಷ್ಟು ದಿನ?

(ಶಾಲಾ ಶಿಕ್ಷಕರು ಮತ್ತು ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನವೆಂಬರ್ ಬಂತೆಂದರೆ ನಮ್ಮ ಸಂಘಗಳಿಗೆ ಬಿಡುವಿಲ್ಲ. ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆ, ಕಂಠಪಾಠ ಸ್ಪರ್ಧೆ. ಹತ್ತನೆಯ ತರಗತಿಯ ಕನ್ನಡದಲ್ಲಿ ೧೨೫ಕ್ಕೆ ೧೨೫ ತೆಗೆದವರಿಗೆ ಶಾಲು, ಹಾರ, ಫಲಕ, ನಗದು. ಇದನ್ನೆಲ್ಲ ನಾವು ಅಭಿಮಾನದಿಂದಲೇ ಮಾಡುತ್ತ ಬಂದಿದ್ದೇವೆ. ಆದರೆ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಹೀಗೆ ಫಲಕ ಪಡೆದ ಮಕ್ಕಳಲ್ಲಿ ಎಷ್ಟು ಮಂದಿ ಮರುವರ್ಷ ತಾವಾಗಿಯೇ ಒಂದು ಕನ್ನಡ ಪುಸ್ತಕ ಬಿಡಿಸಿ ಓದಿದರು?

೧೯೭೩ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಾಗಬೇಕು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬಿಡಿಸುವುದರಲ್ಲಿ ಆಗಲೇ ಆಸಕ್ತಿಯಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದರು. ಎರಡನೆಯ ಗುಂಪಿಗೆ ಮೊದಲು ಏನೂ ಹೇಳದೆ, ಬರೆದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರ ಕಳೆದು, ಮಕ್ಕಳು ತಮ್ಮ ಇಚ್ಛೆಯಂತೆ ಆಡುವ ಹೊತ್ತಿನಲ್ಲಿ ನೋಡಿದರೆ, ಆಸೆ ತೋರಿಸಿದ ಗುಂಪಿನ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು! ಆಟವಾಗಿದ್ದದ್ದು ಕೂಲಿಯಾಯಿತು. ಕೂಲಿ ನಿಂತಿತು, ಕೆಲಸವೂ ನಿಂತಿತು.

ಇದು ಒಂದೇ ಶಾಲೆಯ ಕತೆಯಲ್ಲ. ೧೯೯೯ರಲ್ಲಿ ಎಡ್ವರ್ಡ್ ಡೆಸಿ ಮತ್ತು ಸಂಗಡಿಗರು ಇಂಥ ೧೨೮ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊದಲೇ ಹೇಳಿ ಕೊಡುವ ವಸ್ತುರೂಪದ ಬಹುಮಾನ ಸಹಜ ಆಸಕ್ತಿಯನ್ನು ಕುಗ್ಗಿಸುತ್ತದೆ, ಆ ಪೆಟ್ಟು ದೊಡ್ಡವರಿಗಿಂತ ಮಕ್ಕಳಿಗೇ ಹೆಚ್ಚು ಎಂಬುದು ಅವರ ತೀರ್ಮಾನ. ಮೊದಲಿನಿಂದಲೂ ಬೇಸರ ತರಿಸುವ ಕೆಲಸಕ್ಕೆ ಈ ಮಾತು ಅನ್ವಯಿಸದು. ಆದರೆ ತಾಯ್ನುಡಿಯ ಕತೆ, ಹಾಡು, ಒಗಟು ಯಾವ ಮಗುವಿಗೆ ಬೇಸರ? ಅದನ್ನು ಬೇಸರದ ಕೆಲಸ ಮಾಡಿದವರು ನಾವೇ ಅಲ್ಲವೇ?

ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳನ್ನು ನಾವು ಖಂಡಿಸುತ್ತೇವೆ, ಖಂಡಿಸಲೇಬೇಕು. ಆದರೆ ದಂಡ ಮತ್ತು ಬಹುಮಾನ ಒಂದೇ ಕೋಲಿನ ಎರಡು ತುದಿ. ಅರವತ್ತು ಮಕ್ಕಳ ಸ್ಪರ್ಧೆಯಲ್ಲಿ ಮೂವರಿಗೆ ಬಹುಮಾನ ಬಂದರೆ ಐವತ್ತೇಳು ಮಕ್ಕಳು ಬರಿಗೈಲಿ ಮನೆಗೆ ಹೋಗುತ್ತಾರೆ. ಕನ್ನಡ ತಮ್ಮಿಂದಾಗದು ಎಂಬ ಪಾಠ ಕಲಿತು ಹೋಗುತ್ತಾರೆ. ಇದನ್ನು ಕನ್ನಡದ ಸೇವೆ ಎನ್ನೋಣವೇ?

ಆಟದ ರೀತಿಯೇ ಬೇರೆ. ಅಳಗುಳಿ ಮಣೆಯಲ್ಲಿ ಸೋತ ಹುಡುಗಿ ಅಳುತ್ತ ಎದ್ದು ಹೋಗುವುದಿಲ್ಲ, ಇನ್ನೊಂದಾಟ ಆಡೋಣ ಬಾ ಎನ್ನುತ್ತಾಳೆ. ಹುಣಿಸೆ ಬೀಜ ಎಣಿಸುತ್ತ, ಯಾವ ಗುಳಿಯಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾಳೆ. ಅಲ್ಲಿ ತಪ್ಪಿಗೆ ಅವಮಾನವಿಲ್ಲ, ಮತ್ತೆ ಅವಕಾಶವಿದೆ. ಕಲಿಕೆಗೆ ಬೇಕಾದದ್ದು ಇದೇ.

ಇದಕ್ಕೆ ಹೊರದೇಶದ ಉದಾಹರಣೆ ಹುಡುಕಬೇಕಾಗಿಲ್ಲ. ೧೯೯೫ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ನೋಡಿ, ಕಲಿತು ಬಂದು ಕಟ್ಟಿದ ಪದ್ಧತಿ ಅದು. ಹಾಡು, ಆಟ, ಚಿತ್ರದ ಕಾರ್ಡುಗಳು, ಗೋಡೆಯ ಮೇಲೆ ಕಲಿಕೆಯ ಏಣಿ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮುಂದಿನ ಮೆಟ್ಟಿಲೇ ಅದಕ್ಕೆ ಬಹುಮಾನ! ೨೦೦೯-೧೦ರಲ್ಲಿ ಇದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿತು. ಆದರೆ ಕಾರ್ಡು ಹಂಚಿದ ಮಾತ್ರಕ್ಕೆ ನಲಿವು ಬರುವುದಿಲ್ಲ. ಮಗುವಿನ ಪಕ್ಕ ಕೂರಲು ಮೇಷ್ಟರಿಗೆ ಪುರುಸೊತ್ತು ಬೇಕು. ಅವರನ್ನು ಕಡತದ ಕೆಲಸಕ್ಕೆ ಕಟ್ಟಿಹಾಕಿದರೆ ಏಣಿ ಗೋಡೆಯ ಮೇಲಿನ ಚಿತ್ರವಾಗಿಯೇ ಉಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ನಾನು ಸನ್ಮಾನ ಬೇಡ ಎನ್ನುತ್ತಿಲ್ಲ, ಆಮಿಷ ಬೇಡ ಎನ್ನುತ್ತಿದ್ದೇನೆ. ಮೊತ್ತವನ್ನು ಮೊದಲೇ ಬ್ಯಾನರಿನಲ್ಲಿ ಬರೆಯಬೇಡಿ. ಮಗು ಒಂದು ಕತೆ ಓದಿ ಮುಗಿಸಿದ ಮೇಲೆ, ಅದಕ್ಕೆ ಯಾವ ಪಾತ್ರ ಇಷ್ಟವಾಯಿತೆಂದು ಕೇಳಿ, ಕೂತು ಕೇಳಿಸಿಕೊಳ್ಳಿ. ಫಲಕದ ಹಣದಲ್ಲಿ ಹತ್ತಿರದ ಸರ್ಕಾರಿ ಶಾಲೆಗೆ ಕತೆ ಪುಸ್ತಕ ಕೊಡಿಸಿ. ವಾರಕ್ಕೊಂದು ಸಂಜೆ ನಿಮ್ಮ ಬೀದಿಯ ಮಕ್ಕಳನ್ನು ಕಲೆಹಾಕಿ, ಕೊನೆಯ ಅಕ್ಷರ ಹಿಡಿದು ಪದ ಕಟ್ಟುವ ಆಟ ಆಡಿಸಿ. ಮರ, ರಸ, ಸಂತೆ, ತೆಂಗು... ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಆಡುವ ಮಕ್ಕಳೂ ಬಂದು ಕೂರಲಿ. ಆಡುತ್ತ ಆಡುತ್ತ ಕನ್ನಡ ಅವರದೂ ಆಗುತ್ತದೆ.

ದುಡ್ಡಿನ ಆಸೆಗೆ ಕಲಿತ ಕನ್ನಡ, ಮತ್ತೊಂದು ಭಾಷೆ ಹೆಚ್ಚು ದುಡ್ಡು ತೋರಿಸಿದ ದಿನ ಬಿಟ್ಟುಹೋಗುತ್ತದೆ. ನಲಿಯುತ್ತ ಕಲಿತ ಕನ್ನಡ ನಾಲಿಗೆಯ ಮೇಲೆ ಉಳಿಯುತ್ತದೆ. ಮುಂದಿನ ರಾಜ್ಯೋತ್ಸವದ ಖರ್ಚಿನ ಪಟ್ಟಿ ಬರೆಯುವಾಗ ಇದನ್ನು ನೆನಪಿಟ್ಟುಕೊಳ್ಳಿ.