ಮಗುವಿನ ಬುದ್ಧಿಗೆ ಹಚ್ಚಿದ ಅಳತೆಗೋಲು
(ಸತ್ತಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ವೈದ್ಯನೂ ಅಲ್ಲ, ಮನಶ್ಶಾಸ್ತ್ರಜ್ಞನೂ ಅಲ್ಲ. ಸರ್ಕಾರಿ ನೌಕರಿಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ನನ್ನ ಆಯುಷ್ಯದ ಬಹುಭಾಗ ಅಳೆಯುವುದರಲ್ಲೇ ಕಳೆದಿದೆ. ಅಳತೆ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಮೂರು: ಅಳೆದದ್ದು ಏನು? ಯಾವುದಕ್ಕೆ ಹೋಲಿಸಿ ಅಳೆದಿರಿ? ಯಾವ ಕೆಲಸಕ್ಕಾಗಿ ಅಳೆದಿರಿ? ಮಕ್ಕಳ ಬುದ್ಧಿಶಕ್ತಿ ಪರೀಕ್ಷೆಗೂ ಇದೇ ಮೂರು ಪ್ರಶ್ನೆ ಹಾಕೋಣ.

ಈ ವಿಷಯ ಈಗೇಕೆ ಎಂದು ನೀವು ಕೇಳಬಹುದು. ಕೂಸು ಶಾಲೆಯಲ್ಲಿ ಹಿಂದೆ ಬಿದ್ದರೆ ದವಾಖಾನೆಗೆ ತೋರಿಸಿರಿ ಎನ್ನುತ್ತಾರೆ. ಅಲ್ಲಿ ಪರೀಕ್ಷೆ ಮಾಡಿ ಒಂದು ಕಾಗದ ಕೊಡುತ್ತಾರೆ. ಅದರ ಮೇಲೆ 68 ಎಂದೋ 74 ಎಂದೋ ಬರೆದಿರುತ್ತದೆ. ಒಬ್ಬ ತಂದೆ ಅಂಥ ಕಾಗದ ನನ್ನ ಕೈಗೆ ಕೊಟ್ಟು, "ಸರ, ನಮ್ಮ ಹುಡುಗಗ ನೂರಕ್ಕ ಎಪ್ಪತ್ತೆರಡು ಬಂದಾವರಿ, ಛಲೋ ಆತಲ್ಲರಿ?" ಎಂದು ಕೇಳಿದರು. ಅದನ್ನು ಅವರು ಶಾಲೆಯ ಅಂಕವೆಂದು ತಿಳಿದಿದ್ದರು. ಇನ್ನೊಂದು ಮನೆಯಲ್ಲಿ ಅದೇ ಕಾಗದ ಟ್ರಂಕಿನ ತಳ ಸೇರಿತು, ಕೂಸಿನ ಶಾಲೆ ಬಿಡಿಸಿದರು. ಇಬ್ಬರಿಗೂ ಆ ಅಂಕಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.

ಮಳೆಗಾಲದಲ್ಲಿ ಕೃಷ್ಣೆ ಏರಿದಾಗ ನೀರಿನ ಮಟ್ಟ ಐನೂರು ಚಿಲ್ಲರೆ ಮೀಟರ್ ಎಂದು ನಮ್ಮ ಕಡೆ ಹೇಳುತ್ತಾರೆ. ಹೊಳೆ ಐನೂರು ಮೀಟರ್ ಆಳ ಇದೆ ಎಂದು ಸತ್ತಿಯವರು ಯಾರೂ ತಿಳಿಯುವುದಿಲ್ಲ. ಅದು ಸಮುದ್ರಮಟ್ಟದಿಂದ ಎಣಿಸಿದ ಲೆಕ್ಕ. ಎಲ್ಲಿಂದ ಎಣಿಸಿದರು ಎಂಬುದು ಗೊತ್ತಿದ್ದರೆ ಮಾತ್ರ ಅಂಕಿಗೆ ಅರ್ಥ. ಆ ಅಂಕಿ ನೀರು ಸಿಹಿಯೋ ಕೆಸರೋ ಎಂಬುದನ್ನು ಹೇಳುವುದಿಲ್ಲ. ಆದರೂ ಊರು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲು ಅದು ಬೇಕೇ ಬೇಕು.

ಬುದ್ಧಿ ಪರೀಕ್ಷೆ ಹುಟ್ಟಿದ್ದೂ ಇಂಥದೇ ಅಗತ್ಯದಿಂದ. 1904ರಲ್ಲಿ ಫ್ರಾನ್ಸ್ ಸರ್ಕಾರ ಒಂದು ಸಮಿತಿ ಮಾಡಿತು. ಸಾಮಾನ್ಯ ತರಗತಿಯಲ್ಲಿ ಕಲಿಯಲಾಗದೆ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದು ಅದರ ಪ್ರಶ್ನೆ. ಆಲ್ಫ್ರೆಡ್ ಬಿನೆ ಮತ್ತು ಥಿಯೊಡೊರ್ ಸಿಮೋನ್ 1905ರಲ್ಲಿ 30 ಸಣ್ಣ ಕೆಲಸಗಳ ಪಟ್ಟಿ ಸಿದ್ಧಪಡಿಸಿದರು. ಅಂಕೆಗಳನ್ನು ಕೇಳಿ ತಿರುಗಿ ಹೇಳುವುದು, ಎರಡು ವಸ್ತುಗಳಲ್ಲಿ ಹೆಚ್ಚು ತೂಕದ್ದನ್ನು ಗುರುತಿಸುವುದು, ಶಬ್ದದ ಅರ್ಥ ಹೇಳುವುದು, ಹೀಗೆ. ಯಾವ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಯಾವುದನ್ನು ಮಾಡುತ್ತಾರೆ ಎಂದು ಮುಂದೆ ಕೋಷ್ಟಕ ಕಟ್ಟಿದರು. ಹತ್ತು ವರ್ಷದ ಮಗು ಎಂಟು ವರ್ಷದವರ ಮಟ್ಟದ ಕೆಲಸ ಮಾತ್ರ ಮಾಡಿದರೆ ಅದರ ಮಾನಸಿಕ ವಯಸ್ಸು ಎಂಟು. ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿದರೆ 80. ಈ ಭಾಗಾಕಾರವನ್ನು ಸೂಚಿಸಿದವರು ಜರ್ಮನಿಯ ವಿಲಿಯಂ ಸ್ಟರ್ನ್, 1912ರಲ್ಲಿ. ಇಲ್ಲಿ ನೂರು ಎಂದರೆ ಪೂರ್ಣ ಅಂಕವಲ್ಲ, ತನ್ನ ವಯಸ್ಸಿನ ಸರಾಸರಿಗೆ ಸಮ ಎಂದು ಅರ್ಥ. ಇಂದಿನ ಹೊಸ ಪರೀಕ್ಷೆಗಳಲ್ಲಿ ಲೆಕ್ಕದ ರೀತಿ ಬದಲಾಗಿದೆ. ಆದರೂ ಸರಾಸರಿ ನೂರೇ. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ಒಳಗೆ ಬರುತ್ತಾರೆ. 70ಕ್ಕಿಂತ ಕೆಳಗೆ ಬರುವವರು ನೂರಕ್ಕೆ ಸುಮಾರು ಇಬ್ಬರು.

ಕನ್ನಡದ ಮಕ್ಕಳಿಗೆ ಈ ಅಳತೆಗೋಲು ತಯಾರಾದದ್ದು ನಮ್ಮ ಪಕ್ಕದ ಧಾರವಾಡದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. 1930ರ ದಶಕದಲ್ಲಿ ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳನ್ನು ಪರೀಕ್ಷಿಸಿ ಬಿನೆಯವರ ಪರೀಕ್ಷೆಯನ್ನು ಇಲ್ಲಿಗೆ ಹೊಂದಿಸಿದರು. ಆಗ ಧಾರವಾಡವೂ ನಮ್ಮ ಅಥಣಿಯೂ ಮುಂಬೈ ಪ್ರಾಂತ್ಯದಲ್ಲಿದ್ದವು. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಪರಭಾಷೆಯ ಪರೀಕ್ಷೆಯನ್ನು ಹಾಗೇ ತಂದು ನಮ್ಮ ಮಕ್ಕಳ ಮೇಲೆ ಹೇರದೆ, ಮಕ್ಕಳ ಮಾತಿನಲ್ಲೇ ಅಳೆದದ್ದು ದೊಡ್ಡ ಕೆಲಸ.

ಆದರೆ ಅದು ಆಣೆ-ಪೈಗಳ ಕಾಲದ ಕೋಷ್ಟಕ. ನಯಾಪೈಸೆ ಬಂದದ್ದೇ 1957ರಲ್ಲಿ. ಅಂದಿನ ಮಕ್ಕಳ ಸರಾಸರಿಯೇ ಇಂದಿನ ಮಕ್ಕಳಿಗೂ ನೂರಾಗಬಲ್ಲದೇ? ಹಳೆಯ ಕೋಷ್ಟಕಕ್ಕೆ ಹೋಲಿಸಿದರೆ ಅನೇಕ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಅಂಕ ಏರುತ್ತ ಬಂದಿದೆ ಎಂದು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ತೋರಿಸಿದರು. ಹಾಗಿದ್ದರೆ ಹಳೆಯ ಕೋಷ್ಟಕದಲ್ಲಿ ಅಂಕ ಹೆಚ್ಚಾಗಿ ಕಂಡು, ನೆರವು ಬೇಕಾದ ಕೂಸು ನೆರವಿನಿಂದ ತಪ್ಪಿಹೋಗಬಹುದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಇರುವ ಕೂಸಿಗೆ ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದರು? ಕಬ್ಬು ಕಡಿಯುವ ಗ್ಯಾಂಗಿನ ಜೊತೆ ವರ್ಷದಲ್ಲಿ ಆರು ತಿಂಗಳು ಊರೂರು ತಿರುಗುವ ಕೂಸನ್ನು, ತಪ್ಪದೆ ಶಾಲೆಗೆ ಹೋದವರ ಸರಾಸರಿಗೆ ಹೋಲಿಸಿದರೇ? ಕಿವಿ ಕೇಳುತ್ತದೆಯೇ, ಕಣ್ಣು ಕಾಣುತ್ತದೆಯೇ ಎಂದು ಮೊದಲು ನೋಡಿದರೇ? ಶಾಲೆ ಕಾಣದವನನ್ನು ಕಲಿತವನ ಅಳತೆಯಲ್ಲಿ ತೂಗಬಾರದೆಂದೇ ಸಿ. ಎಂ. ಭಾಟಿಯಾ ಅವರು 1955ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೈಯಿಂದ ಮಾಡುವ ಕೆಲಸಗಳನ್ನು ಇಟ್ಟು, ಓದುಬರಹ ಬಲ್ಲವರಿಗೂ ಬಾರದವರಿಗೂ ಬೇರೆ ಬೇರೆ ಕೋಷ್ಟಕ ಮಾಡಿದರು. ಇವೆಲ್ಲ ಸರಿಯಿದ್ದರೂ ಜ್ವರ, ಭಯ, ಹಸಿವಿನಿಂದ ನಾಲ್ಕೈದು ಅಂಕ ಆಚೀಚೆ ಆಗುವುದು ಸಹಜ. 69 ಮತ್ತು 71ರ ನಡುವೆ ಗೋಡೆ ಕಟ್ಟಲಾಗದು.

ಅಂಕಿಯನ್ನು ಹಣೆಬರಹ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಸಾಕ್ಷಿ. ಬುದ್ಧಿ ಹುಟ್ಟಿನಿಂದಲೇ ನಿಶ್ಚಿತವಾದದ್ದು, ಬದಲಾಗದು ಎಂಬ ಮಾತನ್ನು ಬಿನೆ ಒಪ್ಪಿರಲಿಲ್ಲ. ಆದರೆ ಅವರ ಪರೀಕ್ಷೆ ಸಮುದ್ರ ದಾಟಿ ಹೋದ ಮೇಲೆ ಮನುಷ್ಯರನ್ನು ಮೇಲು ಕೀಳು ಎಂದು ವಿಂಗಡಿಸುವ ಸಾಧನವಾಯಿತು. 1927ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಮಂದಬುದ್ಧಿ ಎಂಬ ಹಣೆಪಟ್ಟಿ ಹಚ್ಚಿದ ಹೆಣ್ಣುಮಗಳೊಬ್ಬಳಿಗೆ ಬಲವಂತದ ಸಂತಾನಹರಣ ಮಾಡುವುದನ್ನು ಎತ್ತಿಹಿಡಿಯಿತು. ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವುದನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ನಿರಾಕರಿಸಿದರು. ಅನುಭವ ಮಂಟಪದಲ್ಲಿ ಕಾಯಕ ಮಾಡುವವರೆಲ್ಲರಿಗೂ ಮಾತಿನ ಹಕ್ಕಿತ್ತು. ಜಾತಿಯನ್ನು ಬಾಗಿಲಾಚೆ ಕಳಿಸಿ, ಅಂಕಿಯ ರೂಪದಲ್ಲಿ ಕಿಟಕಿಯಿಂದ ಒಳಗೆ ಬಿಟ್ಟುಕೊಳ್ಳಬಾರದು.

ಹಾಗೆಂದು ಪರೀಕ್ಷೆಯೇ ಬೇಡ ಎನ್ನುವುದೂ ತಪ್ಪು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎರಡನ್ನೂ ನೋಡಬೇಕೆನ್ನುತ್ತದೆ: ಕಲಿಯುವ, ಯೋಚಿಸುವ ಶಕ್ತಿ ಒಂದು, ದಿನನಿತ್ಯದ ಬದುಕನ್ನು ನಿಭಾಯಿಸುವ ಶಕ್ತಿ ಇನ್ನೊಂದು. ಓದುವುದರಲ್ಲಿ, ಬರೆಯುವುದರಲ್ಲಿ, ಲೆಕ್ಕದಲ್ಲಿ ಮಾತ್ರ ತೊಡಕಿರುವ ಮಕ್ಕಳದು ಬೇರೆಯೇ ವರ್ಗ. ಕಾಯ್ದೆ ಅದನ್ನು ಕಲಿಕಾ ನ್ಯೂನತೆ ಎಂದು ಪ್ರತ್ಯೇಕವಾಗಿ ಹೆಸರಿಸಿದೆ. ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ನ್ಯೂನತೆ ಇದೆ ಎಂದು ಪ್ರಮಾಣಪತ್ರ ಸಿಕ್ಕ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ ಅಥವಾ ಬೇಕೆನಿಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಟ್ರಂಕಿನಲ್ಲಿ ಮುಚ್ಚಿಟ್ಟ ಕಾಗದದೊಡನೆ ಈ ಹಕ್ಕೂ ಮುಚ್ಚಿಹೋಗುತ್ತದೆ.

ತಾಯಂದಿರೆ, ಕಾಗದ ಕೈಗೆ ಬಂದಾಗ ಕೇಳಿರಿ: ಯಾವ ಪರೀಕ್ಷೆ ಮಾಡಿದಿರಿ? ಯಾವ ಭಾಷೆಯಲ್ಲಿ? ಕಣ್ಣು, ಕಿವಿ ನೋಡಿದಿರಾ? ಮಗು ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಸಡಿಲ? ನಾಳೆಯಿಂದ ನಾವು ಏನು ಮಾಡಬೇಕು? ಕೊನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಅಳತೆ ಅರ್ಧವೇ ಆಗಿದೆ ಎಂದು ತಿಳಿಯಿರಿ. ಇನ್ನು ಬೆರಳಚ್ಚು ಒತ್ತಿಸಿಕೊಂಡು ಮಗುವಿನ ಬುದ್ಧಿ ಹೇಳುತ್ತೇವೆ ಎಂದು ಹಣ ಕೇಳುವವರು ಬಂದರೆ ಬಾಗಿಲಿನಿಂದಲೇ ಕಳಿಸಿರಿ. ಅದಕ್ಕೆ ವಿಜ್ಞಾನದ ಆಧಾರವಿಲ್ಲ. ಹಸ್ತರೇಖೆ ನೋಡುವುದಕ್ಕೂ ಅದಕ್ಕೂ ಭೇದವಿಲ್ಲ.

ಶಿಕ್ಷಕರೆ, ಅಂಕಿಯನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಬೇಡಿರಿ. ಆ ಕೂಸನ್ನು ಮುಂದಿನ ಸಾಲಿಗೆ ಕರೆಯಿರಿ, ಒಂದು ಪಾಠವನ್ನು ನಾಲ್ಕು ಸಲ ಹೇಳಿರಿ. ಮಠಗಳ ದಾಸೋಹ ಅನ್ನಕ್ಕೆ ಮಾತ್ರ ಮೀಸಲಲ್ಲ. ಸಂಜೆ ಒಂದು ತಾಸು ಅಂಥ ಮಕ್ಕಳ ಜೊತೆ ಕೂತು ಓದಿಸುವ ನಾಲ್ಕು ಜನ ಯುವಕರು ಸಿಕ್ಕರೆ ಅದೂ ದಾಸೋಹವೇ. ನೆರವು ಎಲ್ಲಿ ಬೇಕೆಂದು ತೋರಿಸಲು ಬಿನೆ ಈ ಅಳತೆಗೋಲನ್ನು ಮಾಡಿದರು. ನಾವೂ ಅದನ್ನು ಅದಕ್ಕೇ ಬಳಸೋಣ.